ಭತ್ತ ಗಿರಣಿಗೆ ಹೋಗುವ ಮುಂಚೆಯೇ ಸೀಳಿರುತ್ತದೆ

ಮಂಡ್ಯದ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲಿನಲ್ಲಿ ಅಕ್ಕಪಕ್ಕದ ಇಬ್ಬರು ಒಂದೇ ತಳಿ ನಾಟಿ ಮಾಡಿದರೂ ಒಬ್ಬರಿಗೆ ಇಡಿ ಅಕ್ಕಿ, ಇನ್ನೊಬ್ಬರಿಗೆ ನುಚ್ಚು ಸಿಗುವುದುಂಟು. ಬೈಗುಳ ಬೀಳುವುದು ಗಿರಣಿಯವರಿಗೆ. ಸವೆದ ರಬ್ಬರ್ ರೋಲರ್‌ನಿಂದ ಅಕ್ಕಿ ಒಡೆಯುವುದು ನಿಜವೇ, ಆದರೆ ಒಳಗೆ ಮೊದಲೇ ಸೀಳಿದ ಕಾಳನ್ನು ಯಾವ ಗಿರಣಿಯೂ ಇಡಿಯಾಗಿ ಕೊಡಲಾರದು.

ಕಾಳಿನ ಉದ್ದ, ದಪ್ಪ, ಅನ್ನದ ಹದ, ಇವೆಲ್ಲ ಬಹುಪಾಲು ತಳಿಯ ಗುಣ. ಪಿಷ್ಟದಲ್ಲಿ ಅಮೈಲೋಸ್ ಎಂಬ ಅಂಶ ಎಷ್ಟಿರಬೇಕೆಂಬುದನ್ನು ಮುಖ್ಯವಾಗಿ 6ನೇ ವರ್ಣತಂತುವಿನಲ್ಲಿರುವ ವ್ಯಾಕ್ಸಿ ಎಂಬ ಜೀನ್ ನಿರ್ಧರಿಸುತ್ತದೆ. ಅಮೈಲೋಸ್ ಶೇ. 25 ದಾಟಿದರೆ ಅನ್ನ ಉದುರುದುರು, ಆರಿದ ಮೇಲೆ ಗಟ್ಟಿ. ಐಆರ್-64 ತಳಿಯಲ್ಲಿ ಅದು ಶೇ. 20ರಿಂದ 25ರೊಳಗೆ ಇರುವುದರಿಂದ ಆರಿದರೂ ಮೆತ್ತಗಿರುತ್ತದೆ. ಗೊಬ್ಬರ ಹಾಕಿ ಇದನ್ನು ಬದಲಿಸುತ್ತೇನೆಂದು ಹೊರಡುವುದು ವ್ಯರ್ಥ.

ಅಕ್ಕಿಕಾಳಿನಲ್ಲಿ ಕಾಣುವ ಸುಣ್ಣದಂಥ ಕಲೆ, ಅಂದರೆ ಬಿಳಿ ಹೊಟ್ಟೆಯ ವಿಷಯ ಬೇರೆ. ಜಯ ತಳಿಯಂಥ ದಪ್ಪ ಕಾಳಿನಲ್ಲಿ ಅದು ಹುಟ್ಟುಗುಣ, ಆದರೆ ಹವೆ ಅದನ್ನು ಹೆಚ್ಚಿಸುತ್ತದೆ. ಹೂ ಬಿಟ್ಟ ಮೇಲಿನ ಎರಡು ಮೂರು ವಾರ ಕಾಳಿಗೆ ಹಾಲು ತುಂಬುವ ಕಾಲ. ಆಗ ರಾತ್ರಿಯೂ ಸೆಕೆಯಿದ್ದರೆ ಪಿಷ್ಟದ ಕಣಗಳು ಒತ್ತಾಗಿ ಕೂರದೆ ನಡುವೆ ಗಾಳಿ ಉಳಿಯುತ್ತದೆ. ಕಾಳು ಸುಣ್ಣದಂತೆ ಬೆಳ್ಳಗಾಗಿ ಪಾಲಿಶ್‌ನಲ್ಲಿ ಪುಡಿಯಾಗುತ್ತದೆ. ಏಪ್ರಿಲ್‌ನಲ್ಲಿ ಹಾಲು ತುಂಬುವ ಬೇಸಿಗೆ ಬೆಳೆಯಲ್ಲಿ ನುಚ್ಚು ಜಾಸ್ತಿಯಾಗಲು ಇದೊಂದು ಕಾರಣ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ವರ್ಷ, ನಾಲೆ ನಿಲ್ಲುವ ದಿನಗಳು ಹೂವಿನ ಹೊತ್ತಿಗೆ ಬಿದ್ದರೆ ಜೊಳ್ಳೂ ಏರುತ್ತದೆ. ಒಟ್ಲು (ಸಸಿಮಡಿ) ಬಿಡುವಾಗಲೇ ತಳಿಯ ಅವಧಿ ಲೆಕ್ಕಹಾಕುವುದು ಇದಕ್ಕೇ.

ಯೂರಿಯಾ? ನಾಟಿಗೆ ಅರ್ಧ, ತೆಂಡೆ ಒಡೆಯುವಾಗ ಕಾಲು, ತೆನೆ ಮೂಡುವಾಗ ಕಾಲು ಭಾಗ ಸಾಕು. ಹಸಿರು ನೋಡುವ ಆಸೆಗೆ ಇನ್ನೂ ಸುರಿದರೆ ಪೈರು ಮಲಗುತ್ತದೆ, ತೆನೆಯ ಕುತ್ತಿಗೆಗೆ ಬೆಂಕಿರೋಗ ಬರುತ್ತದೆ. ರಾಜಮುಡಿಯಂಥ ಎತ್ತರದ ತಳಿಗಂತೂ ಕೈ ಬಿಗಿ ಹಿಡಿಯಲೇಬೇಕು.

ಹೆಚ್ಚಿನ ನಷ್ಟ ಕೊನೆಯ ವಾರದ್ದು. ತೆನೆಯಲ್ಲಿ ಶೇ. 80–85 ಕಾಳು ಹೊಂಬಣ್ಣಕ್ಕೆ ತಿರುಗಿ, ತೇವ ಶೇ. 20–22 ಇರುವಾಗ ಕೊಯ್ಯಬೇಕು. ಯಂತ್ರ ಬರಲಿಲ್ಲವೆಂದು ಹತ್ತು ದಿನ ಬಿಟ್ಟರೆ ಹಗಲಲ್ಲಿ ಶೇ. 15ಕ್ಕಿಂತ ಕೆಳಗೆ ಒಣಗಿದ ಕಾಳು ರಾತ್ರಿ ಇಬ್ಬನಿ ಕುಡಿಯುತ್ತದೆ. ಹೊರಪದರ ಹಿಗ್ಗುತ್ತದೆ, ಒಳಗಿನದು ಹಿಗ್ಗದು. ಕಾಳು ಅಡ್ಡಕ್ಕೆ ಸೀಳುತ್ತದೆ. ಡಿಸೆಂಬರ್ ಕೊಯ್ಲಿಗೆ ಈ ಕಾಟ ಹೆಚ್ಚು.

ಒಣಗಿಸುವಾಗಲೂ ಇದೇ ಪಾಡು. ಡಾಂಬರು ರಸ್ತೆ ಬೇಡ. ಟಾರ್ಪಾಲಿನ ಮೇಲೆ 2–4 ಸೆಂ.ಮೀ. ದಪ್ಪ ಹರಡಿ, ಅರ್ಧ ಗಂಟೆಗೊಮ್ಮೆ ಕಾಲಾಡಿಸಿ, ಉರಿಬಿಸಿಲಲ್ಲಿ ಮುಚ್ಚಿ, ಸಂಜೆ ಇಬ್ಬನಿಗೆ ಮುಂಚೆ ರಾಶಿ ಮಾಡಿ. ಸರ್ಕಾರಿ ಖರೀದಿ ಕೇಂದ್ರಕ್ಕೆ ತೇವ ಶೇ. 17 ಮೀರಬಾರದು, ಮನೆಯಲ್ಲಿ ಇಡುವುದಾದರೆ 13ಕ್ಕೆ ಇಳಿಸಿ.

ಮಾರುವ ಮುಂಚೆ 100 ಕಾಳನ್ನು ಉಗುರಲ್ಲಿ ಸುಲಿದು, ಮೊಬೈಲ್ ಟಾರ್ಚ್ ಗಾಜಿನ ಮೇಲಿಟ್ಟು ನೋಡಿ. ಅಡ್ಡಗೆರೆ ಸ್ಪಷ್ಟವಾಗಿ ಕಾಣುತ್ತದೆ. ಕಾಲು ಭಾಗ ಕಾಳಿಗೆ ಗೆರೆಯಿದ್ದರೆ ಹಸಿ ಅಕ್ಕಿ ಮಾಡಿಸುವ ಯೋಚನೆ ಬಿಟ್ಟು ಕುಸುಬಲಕ್ಕಿ ಗಿರಣಿಗೆ ಕೊಡುವುದು ಜಾಣತನ. ಹಬೆಯಲ್ಲಿ ಪಿಷ್ಟ ಬೆಂದು ಸೀಳು ಬೆಸೆದುಕೊಳ್ಳುತ್ತದೆ, ಬಿಳಿ ಹೊಟ್ಟೆಯೂ ಮಾಯವಾಗುತ್ತದೆ.