ಜಗಳಗಂಟ ಮೀನನ್ನ ಹೊರಗೆ ತೆಗೆದೆ, ಜಗಳ ಅಲ್ಲೇ ಉಳೀತು

ನಂದು ಮನೆಮನೆಗೆ ಹೋಗಿ ಅಕ್ವೇರಿಯಂ ನೋಡ್ಕೊಳ್ಳೋ ಕೆಲಸ. ನೀರು ಬದಲಾಯಿಸೋದು, ಫಿಲ್ಟರ್ ತೊಳೆಯೋದು, ಗ್ಲಾಸಿಗೆ ಅಂಟಿರೋ ಪಾಚಿ ಕೆರೆಯೋದು, ಇದೆಲ್ಲ ಬೇಗ ಕೈಗೆ ಹತ್ತಿತು. ಹತ್ತದೆ ಸತಾಯಿಸಿದ್ದು ಒಂದೇ, ಈ ಮೀನುಗಳು ಒಂದಕ್ಕೊಂದು ಯಾಕೆ ಕಚ್ಚಾಡ್ತವೆ, ಅದನ್ನ ಹೇಗೆ ನಿಲ್ಲಿಸೋದು ಅನ್ನೋದು. ಕಸ್ಟಮರ್ ಫೋನ್ ಮಾಡಿ "ಆ ದೊಡ್ಡದು ಎಲ್ಲರನ್ನೂ ಹೊಡೀತಿದೆ" ಅಂದ್ರೆ ನಾನು ಬಲೆ ತಗೊಂಡು ಹೋಗಿ ಆ ದೊಡ್ಡದನ್ನ ಹಿಡ್ಕೊಂಡು ಬರ್ತಿದ್ದೆ, ಅಷ್ಟೇ ಗೊತ್ತಿದ್ದಿದ್ದು.

ಹಾಗೆ ಮಾಡಿ ಒಂದು ಸಲ ತಪ್ಪು ಮಾಡಿದೆ, ಅದು ಇವತ್ತಿಗೂ ಮನಸ್ಸಲ್ಲಿದೆ. ನಾಲ್ಕು ಅಡಿ ಟ್ಯಾಂಕ್, ಸುಮಾರು 240 ಲೀಟರ್. ಒಳಗೆ ಒಂದು ಗಂಡು ಕನ್ವಿಕ್ಟ್ ಸಿಕ್ಲಿಡ್, ಒಂದು ಫೈರ್‌ಮೌತ್ (ಎರಡೂ ಮಧ್ಯ ಅಮೆರಿಕದ ಸಿಕ್ಲಿಡ್ ಅನ್ನೋ ಮೀನಿನ ಬಳಗದ್ದು), ಒಂದು ರೆಡ್ ಟೇಲ್ ಶಾರ್ಕ್ (ಹೆಸರಿಗೆ ಶಾರ್ಕ್, ಜಾತಿಯಲ್ಲಿ ಕಾರ್ಪ್ ಬಳಗದ್ದು). ಎಡಗಡೆ ಮರದ ತುಂಡಿನ ಕೆಳಗೆ ಒಂದೇ ಒಂದು ಒಳ್ಳೆ ಗುಹೆ ಇತ್ತು, ಅದು ಕನ್ವಿಕ್ಟ್‌ದು. ಫೈರ್‌ಮೌತ್‌ನ ರೆಕ್ಕೆಯೆಲ್ಲ ಹರಿದು ಹೋಗಿತ್ತು. ನಾನು ಕನ್ವಿಕ್ಟ್ ಹಿಡಿದು ನನ್ನ ಹತ್ರ ಇರೋ ಬೇರೆ ಟ್ಯಾಂಕಿಗೆ ಹಾಕಿದೆ, ಮನೆಯವರಿಗೂ ಸಮಾಧಾನ ಆಯ್ತು. ವಾರ ಕಳೆಯೋದ್ರೊಳಗೆ ಮತ್ತೆ ಫೋನ್. ಹೋಗಿ ನೋಡಿದ್ರೆ ಅದೇ ಗುಹೆಯಲ್ಲಿ ಈಗ ರೆಡ್ ಟೇಲ್ ಕೂತಿದೆ, ಫೈರ್‌ಮೌತ್ ಮೊದಲಿನ ಹಾಗೇ ಹೀಟರ್ ಹಿಂದೆ ಮುದುಡಿಕೊಂಡಿದೆ.

ಅಲ್ಲಿಗಾದ್ರೂ ಬುದ್ಧಿ ಬರಬೇಕಿತ್ತು, ಬರಲಿಲ್ಲ. ಕನ್ವಿಕ್ಟ್ ಎರಡು ವಾರ ಹೊರಗಿದ್ದು ತಣ್ಣಗಾಗಿರತ್ತೆ ಅಂದ್ಕೊಂಡು ವಾಪಸ್ ತಂದೆ, ಕಲ್ಲು ಮರ ಏನೂ ಅಲುಗಾಡಿಸದೆ, ಮಧ್ಯಾಹ್ನ ಲೈಟ್ ಉರೀತಿರೋವಾಗ್ಲೇ ಬಿಟ್ಟೆ. ಅದು ನೇರ ತನ್ನ ಹಳೇ ಗುಹೆಗೆ ಹೋಯ್ತು. ಅದರ ಲೆಕ್ಕದಲ್ಲಿ ಅದು ಸ್ವಂತ ಮನೆ, ಆದ್ರೆ ಒಳಗಿದ್ದವರ ಲೆಕ್ಕದಲ್ಲಿ ಯಾರೋ ಹೊಸಬ ನುಗ್ಗಿದ್ದಾನೆ. ಮಾರನೇ ದಿನ ಬೆಳಿಗ್ಗೆ ನೀರಿನ ಮೇಲ್ಭಾಗದ ಮೂಲೆಯಲ್ಲಿ ತಲೆ ಮೇಲಕ್ಕಿಟ್ಕೊಂಡು ನಿಂತಿತ್ತು, ಬಾಲ ಅರ್ಧ ಇರಲಿಲ್ಲ. ಎರಡು ದಿನಕ್ಕೆ ಸತ್ತೋಯ್ತು. ತಪ್ಪು ಆ ಮೀನಿಂದಲ್ಲ, ನಂದು.

ಆಮೇಲೆ ಅರ್ಥ ಆಗಿದ್ದು ಇಷ್ಟು. ಈ ಜಾತಿ ಮೀನುಗಳು ಹೊಡೆದಾಡೋದು ಜಾಗಕ್ಕೆ, ಇನ್ನೊಂದು ಮೀನಿನ ಮೇಲಿನ ಸಿಟ್ಟಿಗಲ್ಲ. ಗುಹೆ ಒಂದೇ ಇದ್ರೆ ಅದಕ್ಕೆ ಯಾವತ್ತೂ ಒಬ್ಬ ಯಜಮಾನ ಇದ್ದೇ ಇರ್ತಾನೆ, ಒಬ್ಬನನ್ನ ತೆಗೆದ್ರೆ ಎರಡನೆಯವನು ಬರ್ತಾನೆ. ಅಕ್ಕಪಕ್ಕ ಗಡಿ ಹಾಕ್ಕೊಂಡು ಕೂತ ಎರಡು ಮೀನು ಕ್ರಮೇಣ ಒಂದನ್ನೊಂದು ಸಹಿಸ್ಕೋತಾವೆ, ಹೊಸದಾಗಿ ಬಂದಿದ್ದನ್ನ ಮಾತ್ರ ಸಹಿಸಲ್ಲ.

ಅದಕ್ಕೇ ಆ ಟ್ಯಾಂಕನ್ನ ಬುಡದಿಂದ ಬದಲಾಯಿಸಿದೆ. ಎಲ್ಲ ಕಲ್ಲು, ಮರದ ತುಂಡು ಹೊರಗೆ ತೆಗೆದು ಬೇರೆ ರೀತಿ ಜೋಡಿಸಿದೆ, ಹಳೇ ನಕ್ಷೆ ಯಾರ ತಲೆಯಲ್ಲೂ ಉಳೀಬಾರದು ಅಂತ. ಮೀನಿನ ಸಂಖ್ಯೆಗಿಂತ ಗುಹೆ ಎರಡು ಜಾಸ್ತಿ ಇಟ್ಟೆ. ಅದಕ್ಕಿಂತ ಮುಖ್ಯ ಅಂದ್ರೆ ನೋಟ ತಡೆಯೋದು: ಈ ತುದಿಯಲ್ಲಿ ಕೂತ ಮೀನಿಗೆ ಆ ತುದಿ ಕಾಣ್ತಿದ್ರೆ ಇಡೀ ನಾಲ್ಕು ಅಡಿನೂ ತನ್ನದೇ ಅಂದ್ಕೊಳ್ಳತ್ತೆ, ಮಧ್ಯದಲ್ಲಿ ಒಂದು ಚಪ್ಪಡಿ ಕಲ್ಲು ನೆಟ್ಟಗೆ ನಿಲ್ಲಿಸಿ ಗಿಡ ಇಟ್ರೆ ಅದೇ ಟ್ಯಾಂಕ್ ಎರಡು ಕೇರಿ ಆಗತ್ತೆ. ಕಲ್ಲನ್ನ ಮರಳಿನ ಮೇಲೆ ಇಡಬೇಡಿ, ಸಿಕ್ಲಿಡ್ ಕೆಳಗೆ ತೋಡಿ ಬೀಳಿಸ್ತವೆ, ತಳದ ಗ್ಲಾಸಿನ ಮೇಲೆ ಕೂರಿಸಿ ಆಮೇಲೆ ಮರಳು ಹಾಕಿ. ಊಟ ಎರಡೂ ತುದಿಯಲ್ಲಿ ಒಟ್ಟಿಗೆ ಹಾಕೋಕೆ ಹೇಳಿದೆ. ಮೇಲ್ಗಡೆ ಓಡಾಡೋಕೆ ಜೈಂಟ್ ಡೇನಿಯೋ ಅನ್ನೋ ಮೀನು ಆರೇಳು ಬಿಟ್ಟೆ, ಅವು ಚುರುಕು, ಸುಲಭಕ್ಕೆ ಕೈಗೆ ಸಿಗಲ್ಲ, ಅವು ಆರಾಮಾಗಿ ತಿರುಗೋದು ಕಂಡು ಹೆದರಿ ಅಡಗಿದ್ದ ಮೀನೂ ಹೊರಗೆ ಬರತ್ತೆ.

ಹೊಸ ಮೀನು ಬಿಡೋದಾದ್ರೆ ಈಗ ರಾತ್ರಿ, ಲೈಟ್ ಆರಿಸಿ, ಕಲ್ಲು ಬದಲಾಯಿಸಿದ ಮೇಲೇ. ಸಾಧು ಮೀನು ಮೊದಲು, ಜೋರಿರೋದು ಕೊನೆಗೆ. ಇದನ್ನ ಉಲ್ಟಾ ಮಾಡಿದ ಮನೆಗಳೇ ನನಗೆ ಜಾಸ್ತಿ ಸಿಗೋದು.

ಒಂದು ಎಚ್ಚರಿಕೆ ಹೇಳ್ಲೇಬೇಕು. ಆಫ್ರಿಕಾದ ಮಲಾವಿ ಸರೋವರದ ಎಂಬುನಾ ಅನ್ನೋ ಸಿಕ್ಲಿಡ್‌ಗಳನ್ನ ಸಾಕೋರು ಬೇಕಂತ್ಲೇ ಜಾಸ್ತಿ ಮೀನು ಹಾಕ್ತಾರೆ, ಯಾರೂ ಒಂದೇ ಜಾಗ ಹಿಡಿದು ಕೂರೋಕಾಗದ ಹಾಗೆ, ಪೆಟ್ಟು ಒಬ್ಬರ ಮೇಲೇ ಬೀಳದ ಹಾಗೆ. ಅಲ್ಲಿ ಅದು ನಡೆಯತ್ತೆ, ಆದ್ರೆ ಒಂದು ಗಂಡಿಗೆ ಕನಿಷ್ಠ ಮೂರು ಹೆಣ್ಣು ಇರಬೇಕು, ಫಿಲ್ಟರ್ ಬಲವಾಗಿರಬೇಕು, ವಾರವಾರ ನೀರು ಬದಲಾಯಿಸೋದು ತಪ್ಪಬಾರದು. ಇದನ್ನ ಕೇಳಿಸ್ಕೊಂಡು ಮಧ್ಯ ಅಮೆರಿಕದ ಸಿಕ್ಲಿಡ್‌ಗಳನ್ನೂ ಹಾಗೇ ತುಂಬಿಸಿದವರ ಮನೆಗೆ ಹೋಗಿದ್ದೀನಿ, ಅಲ್ಲಿ ಜಗಳನೂ ನಿಂತಿರಲಿಲ್ಲ, ಮೀನಿನ ಗಲೀಜಿಂದ ನೀರಲ್ಲಿ ಸೇರೋ ವಿಷ, ಅಮೋನಿಯಾ, ಬೇರೆ ಏರಿತ್ತು. ಅದಕ್ಕೇ ಯಾವ ಮನೆಗೆ ಹೋದ್ರೂ ಮೊದಲು ನೀರು ಟೆಸ್ಟ್ ಮಾಡ್ತೀನಿ, ನೀರು ಕೆಟ್ಟಿದ್ರೆ ಕಲ್ಲು ಎಷ್ಟು ಚೆನ್ನಾಗಿ ಜೋಡಿಸಿದ್ರೂ ಮೀನು ಉಳಿಯಲ್ಲ.

ಇನ್ನು ಕೆಲವಕ್ಕೆ ಯಾವ ಜೋಡಣೆನೂ ಕೆಲಸ ಮಾಡಲ್ಲ. ಎರಡು ಗಂಡು ಬೆಟ್ಟಾ (ಫೈಟರ್ ಮೀನು) ಒಟ್ಟಿಗೆ, ಸಾಧ್ಯನೇ ಇಲ್ಲ. ನಾಲ್ಕು ಅಡೀಲಿ ಎರಡು ರೆಡ್ ಟೇಲ್, ಬೇಡ. ಕನ್ವಿಕ್ಟ್ ಜೋಡಿ ಮೊಟ್ಟೆ ಇಟ್ರೆ ಮುಗೀತು, ಮೂರು ದಿನದಲ್ಲಿ ಮೊಟ್ಟೆ ಒಡೆಯತ್ತೆ, ಆಮೇಲೆ ಮರಿಗಳ ಜೊತೆ ಅಪ್ಪ ಅಮ್ಮ ಇಬ್ಬರೂ ಕಾವಲು ನಿಂತು ಅರ್ಧ ಟ್ಯಾಂಕ್ ಖಾಲಿ ಮಾಡಿಸ್ತವೆ, ಆಗ ಮಧ್ಯೆ ಅಡ್ಡ ಹಾಕೋ ಡಿವೈಡರ್ ಇಲ್ಲಾ ಬೇರೆ ಟ್ಯಾಂಕ್. ಮೊದಲೆಲ್ಲ ಕಸ್ಟಮರ್ ಬೇಜಾರಾಗ್ತಾರೆ ಅಂತ "ನೋಡೋಣ" ಅಂತಿದ್ದೆ, ಈಗ ಮುಖಕ್ಕೇ "ಆಗಲ್ಲ" ಅಂತೀನಿ. ಬೇಜಾರಾದ್ರೂ ಪರವಾಗಿಲ್ಲ, ಆ "ನೋಡೋಣ"ದಲ್ಲಿ ಸಾಯೋದು ಮೀನು.

ಈಗ ನೀರಿಗೆ ಕೈ ಹಾಕೋಕೆ ಮುಂಚೆ ಸ್ಟೂಲ್ ಹಾಕ್ಕೊಂಡು ಇಪ್ಪತ್ತು ನಿಮಿಷ ಸುಮ್ಮನೆ ಕೂತು ನೋಡ್ತೀನಿ. ಯಾರು ಎಲ್ಲಿಂದ ವಾಪಸ್ ತಿರುಗ್ತಾರೆ, ಯಾರು ಊಟಕ್ಕೆ ಬರ್ತಿಲ್ಲ, ಪೈಪ್ ಹಿಂದೆ ಯಾರಾದ್ರೂ ಅಡಗಿದ್ದಾರಾ. ಆ ಹಳೇ ಮನೆಗೂ ಇನ್ನೂ ಹೋಗ್ತಾ ಇದ್ದೀನಿ. ಫೈರ್‌ಮೌತ್‌ನ ರೆಕ್ಕೆ ಪೂರ್ತಿ ಬೆಳೆದಿದೆ. ಚಪ್ಪಡಿ ಕಲ್ಲಿನ ಅಂಚಿಗೆ ರೆಡ್ ಟೇಲ್ ಬಂದ್ರೆ ಕೆಂಪು ಗಂಟಲು ಉಬ್ಬಿಸಿ ಕಿವಿರು ಅಗಲಿಸಿ ನಿಲ್ಲತ್ತೆ, ನೋಡೋರಿಗೆ ಈಗ ಕಚ್ಚೇ ಬಿಡ್ತು ಅನ್ಸತ್ತೆ, ಆದ್ರೆ ಅದು ಬರೀ ಹೆದರಿಸೋದು. ರೆಡ್ ಟೇಲ್ ಒಂದು ಕ್ಷಣ ನಿಂತು ತನ್ನ ಕಡೆ ತಿರುಗಿ ಹೋಗತ್ತೆ.