ಗೋಡೆ ಮೇಲಿನ ಸೀಮೆಸುಣ್ಣದ ಗೆರೆ

ಶಾಲೆಯ ಲೈಬ್ರರಿಗೆ ರ್‍ಯಾಕ್ ನೋಡೋಣ ಅಂತ ನಿನ್ನೆ ನಾನು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಪೇಟೆಗೆ ಹೋಗಿದ್ದೆವು. ಅಂಗಡಿಯವರು ತೋರಿಸಿದ್ದೆಲ್ಲ 6 ಅಡಿಯ ಕಬ್ಬಿಣದ ಬೀರು. "ಬೀಗ ಗಟ್ಟಿ ಇದೆ ಮೇಷ್ಟ್ರೇ, ಒಂದು ಪುಸ್ತಕವೂ ಕಳೆಯಲ್ಲ." ಕಳೆಯಲ್ಲ ನಿಜ, ಯಾರೂ ಓದೋದೂ ಇಲ್ಲ ಅಲ್ವಾ?

ಹೊರಡುವ ಮುಂಚೆ ಒಂದನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಗೋಡೆಗೆ ನಿಲ್ಲಿಸಿ, ಕೈ ಎತ್ತಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. 4 ಅಡಿ ಚಿಲ್ಲರೆ, ಅದೂ ತುದಿಗಾಲಲ್ಲಿ. ಕೊನೆಗೆ ಊರಿನ ಬಡಗಿಗೇ ಮೂರೂವರೆ ಅಡಿಯ ರ್‍ಯಾಕ್ ಹೇಳಿ ಬಂದೆವು. ಪುಸ್ತಕದ ಮುಖ ಕಾಣುವಂತೆ ಮುಂದೆ ಒಂದು ಪಟ್ಟಿ. ಗೆದ್ದಲಿನ ಭಯಕ್ಕೆ ಗೋಡೆಯಿಂದ ನಾಲ್ಕು ಬೆರಳು ದೂರ. ಕುರ್ಚಿ ಸದ್ಯಕ್ಕೆ ಬೇಡ, ಜಮಖಾನ ಸಾಕು.

ನಾನು ಓದುವಾಗ ಬೀರುವಿನ ಕೀ ಹುಡುಕೋದರಲ್ಲೇ ಲೈಬ್ರರಿ ಪೀರಿಯಡ್ ಮುಗಿದುಹೋಗುತ್ತಿತ್ತು.