ಓಬವ್ವನ ಕಿಂಡಿ ಮತ್ತು ಸರಳಾ ಅವರ ಸೀರೆ

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು ಚಿತ್ರದುರ್ಗದ ಬಸ್ಸು ಹತ್ತಿದಾಗ ಎಂಟೂವರೆ. ಜೊತೆಗೆ ಅಣ್ಣನ ಮಗಳು, ಒಂಬತ್ತನೇ ಕ್ಲಾಸು. ಇಬ್ಬರಿಗೂ ಶೂನ್ಯ ಟಿಕೆಟ್ಟು. ಮುಂದಿನ ವಾರ ಅವಳ ಶಾಲೆಯಲ್ಲಿ ಭಾಷಣ ಸ್ಪರ್ಧೆ, ವಿಷಯ ಮಹಿಳಾ ಪೈಲಟ್‌ಗಳು. ಹಾಗಾಗಿ ಕೋಟೆ ನೋಡಲು ಹೊರಟವರಿಗೆ ದಾರಿಯುದ್ದಕ್ಕೂ ವಿಮಾನದ್ದೇ ಮಾತು.

ಅವಳ ಭಾಷಣ ಶುರುವಾಗುವುದೇ "ಸೀರೆ ಉಟ್ಟು ವಿಮಾನ ಹಾರಿಸಿದ ಸರಳಾ ಠಕ್ರಾಲ್" ಅಂತ. ಎಲ್ಲರೂ ಹಾಗೇ ಬರೆಯುತ್ತಾರೆ. 1936ರಲ್ಲಿ, 21ನೇ ವಯಸ್ಸಿಗೆ, ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದವರು ಅವರು. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಳು. ಲೈಸೆನ್ಸ್ ಸಿಕ್ಕ ಮೇಲೆ ಸಾವಿರ ಗಂಟೆ ಹಾರಿದರು. ಆದರೆ ಜನರಿಗೆ ನೆನಪಿರುವುದು ಸೀರೆ.

"ಸೀರೆ ಪೆಡಲ್‌ಗೆ ಸಿಕ್ಕಿಕೊಳ್ಳಲ್ವಾ ಅತ್ತೆ?" ಅಂದಳು.

"ಗದ್ದೇಲಿ ನಾಟಿ ಮಾಡೋರ ಸೀರೆ ಎಲ್ಲಿ ಸಿಕ್ಕಿಕೊಳ್ಳುತ್ತೆ? ಎತ್ತಿ ಕಟ್ಟಿರ್ತಾರೆ" ಅಂದೆ.

ಕೋಟೆ ಬಾಗಿಲಲ್ಲಿ ಒಂದು ಕೋತಿ ನಮ್ಮ ಬಾಳೆಹಣ್ಣು ಕಿತ್ತುಕೊಂಡು ಹೋಯಿತು. ಪೂರ್ತಿ ಚಿಪ್ಪು. ಬಿಸಿಲು ಏರುವ ಮುಂಚೆ ಓಬವ್ವನ ಕಿಂಡಿ ಮುಟ್ಟಬೇಕು ಅಂತ ಬೇಗ ಬೇಗ ನಡೆದೆವು. ಪಕ್ಕದಲ್ಲೇ ತಣ್ಣೀರು ದೋಣಿ. ಕಥೆ ಗೊತ್ತಿದ್ದದ್ದೇ. ಗಂಡ ಊಟಕ್ಕೆ ಬಂದಿದ್ದಾನೆ, ಇವಳು ನೀರು ತರಲು ಹೋಗಿದ್ದಾಳೆ, ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದಾರೆ. ಕೈಗೆ ಸಿಕ್ಕಿದ್ದು ಒನಕೆ.

ಕಿಂಡಿಯೊಳಗೆ ನಾನೂ ತೂರಿದೆ. ಮೈ ಹಿಡಿಯುವಷ್ಟೇ ಜಾಗ. ಮಂಡಿ ತರಚಿತು. ಈ ಕಡೆ ತಲೆ ಹಾಕಿದರೆ ಒನಕೆಯಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ, ಅದು ಒಳಗೆ ಹೋದ ಮೇಲೇ ಗೊತ್ತಾಗುವುದು.

ಬಂಡೆ ಮೇಲೆ ಕೂತು ದಣಿವಾರಿಸಿಕೊಳ್ಳುವಾಗ ಹುಡುಗಿ ಕೇಳಿದಳು: "ಓಬವ್ವನ್ನೂ ಒನಕೆ ಓಬವ್ವ ಅಂತೀವಲ್ಲ, ಅದು ಸರಿನಾ?"

ಒನಕೆಯಿಂದಲೇ ಅವಳು ಆ ಕೆಲಸ ಮಾಡಿದ್ದು ಕಣೇ ಅಂದೆ. ಸೀರೆಯಿಂದ ವಿಮಾನ ಹಾರಲ್ಲ. ಅಮೆರಿಕದ ಜೆರ್ರಿ ಮಾಕ್ 1964ರಲ್ಲಿ ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಮಹಿಳೆ. ಪುಟ್ಟ ಸೆಸ್ನಾ 180 ವಿಮಾನ, 29 ದಿನ. ಪತ್ರಿಕೆಗಳು ಕೊಟ್ಟ ಬಿರುದು "ಹಾರುವ ಗೃಹಿಣಿ"! ಹ್ಯಾರಿಯೆಟ್ ಕ್ವಿಂಬಿಯದು ಇನ್ನೂ ಪಾಪ. 1912ರ ಏಪ್ರಿಲ್ 16ರಂದು ವಿಮಾನ ಹಾರಿಸಿಕೊಂಡು ಇಂಗ್ಲಿಷ್ ಕಡಲ್ಗಾಲುವೆ ದಾಟಿದರು. ಟೈಟಾನಿಕ್ ಮುಳುಗಿದ್ದು ಹಿಂದಿನ ದಿನ. ಪೇಪರಿನಲ್ಲಿ ಇವರಿಗೆ ಜಾಗ ಎಲ್ಲಿ?

ನಮ್ಮ ಉಷಾ ಸುಂದರಂ 1949ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲೇ ತರಬೇತಿ ಮುಗಿಸಿದವರು. ಗಂಡನ ಜೊತೆ ನೆಹರೂ, ಪಟೇಲರನ್ನು ಕೂರಿಸಿಕೊಂಡು ಹಾರಿದವರು. ಅವರ ಮಾತು ಬಂದರೆ ಮೊದಲು ಪೈಲಟ್ ಸುಂದರಂ ಅವರ ಹೆಂಡತಿ ಅನ್ನುತ್ತಾರೆ. ದುರ್ಗದಲ್ಲಿ ಮಾತ್ರ ಲೆಕ್ಕ ಉಲ್ಟಾ. ಕಹಳೆ ಮುದ್ದಹನುಮ ಯಾರು ಅಂದರೆ ಓಬವ್ವನ ಗಂಡ. ಕಹಳೆ ಊದುವವನ ಹೆಸರು ಉಳಿದದ್ದೇ ಹೆಂಡತಿಯಿಂದ. ನನಗೆ ಇದು ಬಹಳ ಹಿಡಿಸಿತು, ಸುಮ್ನೆ ನಕ್ಕೆ.

ಮೇಲೆ ಹತ್ತಿದಾಗ ಗಾಳಿ ಸೆರಗು ಕಿತ್ತುಕೊಂಡು ಹೋಗುವ ಹಾಗಿತ್ತು. ದೂರದ ಗುಡ್ಡಗಳ ಮೇಲೆ ಗಾಳಿ ಫ್ಯಾನುಗಳು. ಚಳ್ಳಕೆರೆ ದಿಕ್ಕಿಗೆ ಕೈ ತೋರಿಸಿದೆ. ಅಲ್ಲಿನ ಪರೀಕ್ಷಾ ರನ್‌ವೇಯಲ್ಲಿ ಪೈಲಟ್ಟೇ ಇಲ್ಲದ ವಿಮಾನಗಳನ್ನು ಹಾರಿಸುತ್ತಾರೆ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆ ಇರುವ, ಮತ್ತೆ ಮತ್ತೆ ಬಳಸುವಂಥ ಉಡಾವಣಾ ವಾಹನದ ಮಾದರಿ ತಾನಾಗೇ ಬಂದು ಇಳಿದದ್ದೂ ಅಲ್ಲೇ.

"ಹಂಗಾದ್ರೆ ಅದು ಏನು ಹಾಕ್ಕೊಂಡಿತ್ತು ಅಂತ ಯಾರೂ ಬರೆದಿರಲ್ಲ ಬಿಡು" ಅಂದಳು.

ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೊದಲ ಸಾಲು ಹೊಡೆದು ಹಾಕಿದಳು. "ಸಾವಿರ ಗಂಟೆ ಹಾರಿದ ಸರಳಾ ಠಕ್ರಾಲ್" ಅಂತ ಬರೆದಳು. ಸೀರೆಯನ್ನೂ ಬಿಡಲಿಲ್ಲ, ಐದನೇ ಸಾಲಿಗೆ ಇಳಿಸಿದಳು. ಎತ್ತಿ ಕಟ್ಟಿದ ಸೀರೆ ಅಂತ ಸೇರಿಸಲಾ ಅಂತ ಕೇಳಿದಳು. ಅದು ನಮ್ಮ ಊಹೆ, ಬೇಡ ಅಂದೆ.